ಸಾಮು, ಸಾಹಿತ್ಯ ಮತ್ತು ಅರುವತ್ತು

ಸಂಪಿಗೆಯ ಕಡೆಯವರಾದ ನಮಗೆ ಊರಿನ ವಿಷಯದಲ್ಲಿ ಎರಡು ಹೆಮ್ಮೆಗಳುಂಟು. ಜೈಮಿನಿ ಭಾರತದ ಹಂಸಧ್ವಜರಾಜ ಆಳಿದ ಚಂಪಕಾಪುರಿ ನಮ್ಮೂರೇ ಎಂಬ ನಂಬಿಕೆ ಒಂದು, ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ೧೮೮೪ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ ಎಂಬುದು ಇನ್ನೊಂದು. ಮೊದಲನೆಯದು ಹಿರಿಯರ ಬಾಯಿಂದ ಬಂದದ್ದು, ಎರಡನೆಯದು ಚರಿತ್ರೆಗೆ ಸೇರಿದ್ದು. ತೆಂಗಿನ ತೋಟಗಳ ನೆರಳಿನಲ್ಲಿ ಬೆಳೆದ ನಮ್ಮಂಥ ಹುಡುಗರಿಗೆ ಈ ಎರಡರ ನಡುವಣ ಭೇದ ಅಂದು ತಿಳಿಯುತ್ತಿರಲಿಲ್ಲ. ಬೆಳಗಿನ ಜಾವ ಗರಡಿಯ ಕೆಮ್ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ಸಾಮು ಮಾಡುವಾಗ ನಾವೆಲ್ಲ ಸುಧನ್ವರು. ಶಾಲೆಯಲ್ಲಿ ಪದ್ಯ ಒಪ್ಪಿಸುವಾಗ ಶ್ರೀಯವರ ಊರಿನವರು. ಒಂದೇ ಮೈ, ಒಂದೇ ದಿನ. ಅದನ್ನು ಎರಡು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗೆ ಎರಡು ಮಾಡುವ ಮಾತನ್ನು ಈಚೆಗೆ ಕೇಳಿದೆ. ತಿಪಟೂರಿನಲ್ಲಿ ಕೆಲವು ಗೆಳೆಯರು ತಿಂಗಳಿಗೊಮ್ಮೆ ಕೂಡಿ ಒಂದು ಪುಸ್ತಕದ ವಿಚಾರ ಮಾತನಾಡುವುದುಂಟು. ಕೆ. ವಿ. ಅಯ್ಯರ್ ಅವರ 'ರೂಪದರ್ಶಿ'ಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ನನ್ನ ಮಾತು ಮುಗಿದ ಮೇಲೆ ತರುಣ ಅಧ್ಯಾಪಕರೊಬ್ಬರು ಎದ್ದು, "ಸಾರ್, ಎಷ್ಟೆಂದರೂ ಇದು ವ್ಯಾಯಾಮದ ಮೇಷ್ಟ್ರೊಬ್ಬರು ಬಿಡುವಿನಲ್ಲಿ ಬರೆದ ಕಾದಂಬರಿಯಲ್ಲವೇ? ಇದನ್ನು ಸಾಹಿತ್ಯವೆಂದು ತೂಗಬೇಕೇ, ಹವ್ಯಾಸವೆಂದು ಬಿಡಬೇಕೇ?" ಎಂದರು. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಆದರೂ ಆ ಹೊತ್ತಿಗೆ ನನಗೆ ಉತ್ತರ ತೋಚಲಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ ತೋಚಿತು; ಉತ್ತರಗಳ ಸ್ವಭಾವವೇ ಅದು. ಅದನ್ನು ಈಗ ವಾಚಕರ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ಪುಸ್ತಕದ ಮಾತು ಎಷ್ಟಿದೆಯೋ ನನ್ನ ಸ್ವಂತದ ಮಾತೂ ಅಷ್ಟೇ ಇದೆ. ನನಗೆ ಈಗ ಅರುವತ್ತೆರಡು. ಗರಡಿಯನ್ನು ನಾನು ಇನ್ನೂ ಬಿಟ್ಟಿಲ್ಲ, ಕಾವ್ಯವನ್ನೂ ಬಿಟ್ಟಿಲ್ಲ. ಎರಡನ್ನೂ ಹಿಡಿದುಕೊಳ್ಳುವುದಕ್ಕೆ ಹೋಗಿ ಒಂದು ಪೆಟ್ಟನ್ನೂ ತಿಂದಿದ್ದೇನೆ.

ಮೊದಲು ಅಯ್ಯರ್ ಅವರ ವಿಚಾರ. ೧೮೯೮ರಲ್ಲಿ ಕೋಲಾರದ ಸೀಮೆಯಲ್ಲಿ ಹುಟ್ಟಿ, ೧೯೮೦ರಲ್ಲಿ ತೀರಿಕೊಂಡ ಈ ಮಹನೀಯರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. ಭಾರ ಎತ್ತುವುದು, ಕಬ್ಬಿಣದ ಗುಂಡುಗಳ ಸಾಧನೆ, ಸೂರ್ಯನಮಸ್ಕಾರ, ಆಸನ ಇವೆಲ್ಲವನ್ನೂ ಒಂದೇ ಮನೆಯೊಳಗೆ ತಂದರು. ದೂರದ ಊರಿನವರಿಗೆ ಅಂಚೆಯ ಮೂಲಕ ಪಾಠ ಕಳುಹಿಸಿದರು. ದೇಹಸಾಧನೆಯ ಮೇಲೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳಲ್ಲಿ ತಮ್ಮ ಮೈಯನ್ನೇ ಮಾದರಿಯಾಗಿ ಅಚ್ಚು ಹಾಕಿಸಿದರು. ಅದೇ ಮನುಷ್ಯ ಟಿ. ಪಿ. ಕೈಲಾಸಂ ಅವರ ಆಪ್ತ ಗೆಳೆಯ, ನಾಟಕದ ಹುಚ್ಚಿನವರು, ರವಿ ಕಲಾವಿದರು ಎಂಬ ತಂಡದ ಹಿಂದಿನ ಶಕ್ತಿ. ಅದೇ ಮನುಷ್ಯ 'ಶಾಂತಲಾ' ಬರೆದರು, 'ರೂಪದರ್ಶಿ' ಬರೆದರು.

'ರೂಪದರ್ಶಿ' ಬಂದದ್ದು ೧೯೫೦ರಲ್ಲಿ. ಆಗ ಅಯ್ಯರ್ ಅವರಿಗೆ ಐವತ್ತೆರಡು ವಯಸ್ಸು. ದೇಹಸಾಧಕನೆಂದು ಹೆಸರಾದವನಿಗೆ ಐವತ್ತೆರಡು ಎಂದರೆ ಏನು ಎಂಬುದನ್ನು ನಮ್ಮ ವಿಮರ್ಶಕರು ಯೋಚಿಸಿದಂತೆ ಕಾಣುವುದಿಲ್ಲ. ಕವಿಗೆ ಐವತ್ತೆರಡು ಪಕ್ವತೆಯ ವಯಸ್ಸು. ಪೈಲ್ವಾನನಿಗೆ ಅದು ಕನ್ನಡಿಯ ಮುಂದೆ ನಿಲ್ಲುವುದಕ್ಕೆ ಹಿಂಜರಿಯುವ ವಯಸ್ಸು. ಈ ಎರಡು ವಯಸ್ಸುಗಳೂ ಒಬ್ಬನಲ್ಲೇ ಕೂಡಿದಾಗ ಹುಟ್ಟಿದ ಪುಸ್ತಕ ಇದು.

ಕಥೆ ವಾಚಕರಿಗೆ ಗೊತ್ತಿರತಕ್ಕದ್ದೇ. ಫ್ಲಾರೆನ್ಸಿನ ಕಲಾಲೋಕದಲ್ಲಿ ನಡೆಯುವ ಈ ಕಾದಂಬರಿಯಲ್ಲಿ ಕಲಾವಿದನಿಗೆ ಬಾಲಯೇಸುವಿನ ಚಿತ್ರಕ್ಕೆ ಒಂದು ದಿವ್ಯವಾದ ಮುಖ ಬೇಕಾಗಿರುತ್ತದೆ. ಒಬ್ಬ ಹುಡುಗನಲ್ಲಿ ಅದು ಸಿಗುತ್ತದೆ. ಎಷ್ಟೋ ವರ್ಷಗಳ ಮೇಲೆ ದ್ರೋಹಿಯಾದ ಜೂದಾಸನನ್ನು ಬಿಡಿಸುವುದಕ್ಕೆ ಕೆಟ್ಟು ಕೆರ ಹಿಡಿದ ಮುಖವೊಂದನ್ನು ಹುಡುಕಬೇಕಾಗುತ್ತದೆ. ಅದೂ ಸಿಗುತ್ತದೆ. ಎರಡೂ ಒಬ್ಬನದೇ ಮುಖವೆಂದು ಕೊನೆಗೆ ತಿಳಿಯುತ್ತದೆ.

ಈ ಕಥೆಯ ಬೀಜ ಅಯ್ಯರ್ ಅವರ ಸ್ವಂತದ್ದಲ್ಲ. ಓದಿದ ಸಣ್ಣ ಕಥೆಯೊಂದರಿಂದ ಬಂದದ್ದು. ಆದ್ದರಿಂದ ಕಥಾವಸ್ತುವಿನ ಸ್ವಂತಿಕೆಗಾಗಿ ಅವರನ್ನು ಹೊಗಳುವುದು ಸರಿಯಲ್ಲ. ಭಾವದ ಅತಿರೇಕ ಅಲ್ಲಲ್ಲಿ ಓದುಗನನ್ನು ದಣಿಸುತ್ತದೆ ಎಂಬುದನ್ನೂ ಒಪ್ಪಬೇಕು. ಒಂದು ಹನಿ ಕಣ್ಣೀರು ಸಾಕಾದೆಡೆ ಬೊಗಸೆ ತುಂಬ ಸುರಿಸುವ ಅಭ್ಯಾಸ ಆ ಕಾಲದ ನಮ್ಮ ಅನೇಕ ಕಾದಂಬರಿಕಾರರಿಗಿದ್ದಂತೆ ಅಯ್ಯರ್ ಅವರಿಗೂ ಇತ್ತು. ಇಷ್ಟನ್ನೂ ಕಳೆದ ಮೇಲೂ ಉಳಿಯುವುದೊಂದಿದೆ. ಬದುಕು ಮನುಷ್ಯನ ಮೈಮೇಲೆ ಬರೆಯುತ್ತದೆ ಎಂಬುದನ್ನು ಈ ಲೇಖಕರು ಉಪಮೆಗಾಗಿ ಹೇಳುತ್ತಿಲ್ಲ. ದಿನವೂ ಹತ್ತಾರು ಹುಡುಗರ ಭುಜ, ಬೆನ್ನು, ನಿಲುವುಗಳನ್ನು ನೋಡಿ ತಿದ್ದುತ್ತಿದ್ದವರು ಅವರು. ಬಾಗಿದ ಬೆನ್ನು ಆರು ತಿಂಗಳಲ್ಲಿ ನೆಟ್ಟಗಾದುದನ್ನೂ, ನೆಟ್ಟಗಿದ್ದ ಬೆನ್ನು ದುಶ್ಚಟದಿಂದ ವರ್ಷದೊಳಗೆ ಕುಸಿದುದನ್ನೂ ಕಾಣುವುದು ವ್ಯಾಯಾಮದ ಮೇಷ್ಟ್ರ ಪಾಲಿಗೆ ನಿತ್ಯದ ಸಂಗತಿ. ಮುಖದ ಮೇಲಣ ಬದಲಾವಣೆಯನ್ನು ಕಥೆಯ ಕೀಲಿಯಾಗಿ ಮಾಡಿಕೊಳ್ಳುವ ಧೈರ್ಯ ಅಂಥವರಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಅಯ್ಯರ್ ಅವರ ದೇಹಸಾಧನೆಯ ಪುಸ್ತಕಗಳಿಗೂ ಈ ಕಾದಂಬರಿಗೂ ನಡುವೆ ಒಂದು ಜಗಳವಿದೆ ಎಂಬುದು ನನ್ನ ಅಭಿಪ್ರಾಯ. ಆ ಪುಸ್ತಕಗಳ ಚಿತ್ರಗಳನ್ನು ನೋಡಿ. ಯೌವನದ ಮೈ, ಗ್ರೀಕರ ಶಿಲ್ಪದಂತೆ ನಿಂತ ಭಂಗಿ, ಬೆಳಕು ನೆರಳುಗಳಲ್ಲಿ ಎದ್ದು ತೋರುವ ಮಾಂಸಖಂಡ. ಸೊಗಸಿದೆ, ಆ ಸೊಗಸಿನ ಬಗೆಗೆ ಲೇಖಕರಿಗೆ ಅಭಿಮಾನವೂ ಇದೆ. ಸಾಧನೆಗೆ ರೂಪವೇ ಫಲ ಎಂದು ಆ ಚಿತ್ರಗಳು ಹೇಳುತ್ತವೆ. ಕಾದಂಬರಿ ಹೇಳುವುದು ಬೇರೆ. ರೂಪ ದೇವರು ಕೊಟ್ಟದ್ದಾಗಲಿ, ದಂಡ ಹೊಡೆದು ಗಳಿಸಿದ್ದಾಗಲಿ, ಒಳಗಿನ ಬದುಕು ತಪ್ಪಿದರೆ ನಿಲ್ಲುವುದಿಲ್ಲ. ಬಾಲಯೇಸುವಿನ ಮುಖವೂ ಜೂದಾಸನ ಮುಖವಾದೀತು. ಮೂವತ್ತರಲ್ಲಿ ಕನ್ನಡಿಯ ಮುಂದೆ ನಿಂತವರಿಗೆ ಐವತ್ತೆರಡರಲ್ಲಿ ಅವರೇ ಕೊಟ್ಟುಕೊಂಡ ಉತ್ತರ ಇದು. ಹೀಗೆ ಓದಿದರೆ 'ರೂಪದರ್ಶಿ'ಯನ್ನು ಬಿಡುವಿನ ಬರೆಹವೆನ್ನಲು ಬಾಯಿ ಬಾರದು. ತಮ್ಮ ಕಸುಬನ್ನೇ ಕಟಕಟೆಯಲ್ಲಿ ನಿಲ್ಲಿಸಿ ವಿಚಾರಿಸಿದ ಪುಸ್ತಕ ಅದು.

ಇನ್ನು ಹವ್ಯಾಸ ಎಂಬ ಮಾತು. ಅದನ್ನು ನಾವು ಈಗ ಕೀಳುಮಾಡಿ ಬಳಸುತ್ತೇವೆ. ನಮ್ಮ ಹಿರಿಯರು ಹಾಗೆ ಕಂಡಿರಲಿಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಐದು ಭಾಗಗಳು. ಒಂದೊಂದರಲ್ಲಿ ೨೦ ಅಧ್ಯಾಯಗಳು. ಅವುಗಳಲ್ಲಿ ಒಂದು ಭಾಗ ಪೂರ್ತಿ ವಿನೋದಗಳಿಗೆ ಮೀಸಲು. ಆಯುಧವಿದ್ಯೆ, ಮಲ್ಲಯುದ್ಧ, ಮೀನು ಹಿಡಿಯುವುದು, ಹಾಡು, ವಾದ್ಯ, ಕುಣಿತ, ಕಥೆ ಹೇಳುವುದು, ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಜಟ್ಟಿಗಳ ವಿಚಾರಕ್ಕೆ ಬಂದಾಗ ಅವರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ವರ್ಗ ಮಾಡುತ್ತಾನೆ. ಏನು ತಿನ್ನಿಸಬೇಕು, ಎಂಥ ಸಾಧನೆ ಮಾಡಿಸಬೇಕು ಎಂಬುದನ್ನೂ ಹೇಳುತ್ತಾನೆ. ಎಲ್ಲ ವಯಸ್ಸಿಗೂ ಒಂದೇ ಪಟ್ಟು ಒಗ್ಗದು ಎಂಬ ವಿವೇಕ ಒಂಬೈನೂರು ವರ್ಷಗಳ ಹಿಂದೆಯೇ ಈ ನೆಲದ ಅರಸನೊಬ್ಬನಿಗಿತ್ತು. ನನಗೆ ಮಾತ್ರ ಅದು ಅರುವತ್ತೊಂದರಲ್ಲಿ ಬಂತು.

ಸ್ವಂತದ ಮಾತು ಈಗ ಹೇಳಬೇಕು. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಕಾಲ ಬೇಕಾದಷ್ಟಿದೆ ಎಂಬ ಭ್ರಮೆ ನನಗೆ ಹುಟ್ಟಿತು. ಬೆಳಗ್ಗೆ ಗರಡಿ. ವಾರಕ್ಕೆ ಮೂರು ದಿನ ಸಂಜೆ ಪಟ್ಟಣಕ್ಕೆ ಹೋಗಿ ಭಾರ ಎತ್ತುವುದು. ಅದೇ ಕಟ್ಟಡದ ಮಹಡಿಯ ಮೇಲೆ ಮೊಮ್ಮಗ ಕುಂಗ್ ಫೂ ಕಲಿಯುತ್ತಿದ್ದ. ಅವನ ಜೊತೆಗೆ ನಾನೂ ಸೇರಿದೆ. ಹುಡುಗರು ನಕ್ಕರು, ಆಮೇಲೆ "ತಾತ, ಕಾಲು ಇನ್ನೂ ಮೇಲಕ್ಕೆ" ಎಂದು ಹುರಿದುಂಬಿಸಿದರು. ಇವೆಲ್ಲದರ ಜೊತೆಗೆ ಬಹಳ ವರ್ಷಗಳಿಂದ ನಡೆದು ಬಂದ ಗಮಕ. ಊರಿನ ಹಿರಿಯ ಗಮಕಿಗಳೊಬ್ಬರು ಜೈಮಿನಿ ಭಾರತ ಓದುತ್ತಿದ್ದರು. ಅರ್ಥ ಹೇಳುವುದು ನನ್ನ ಪಾಲು. ವಾರ್ಧಕ ಷಟ್ಪದಿಯ ನಡೆ ಅವರ ಕಂಠದಲ್ಲಿ ತುಂಬಿದ ತೇರು ಹೊರಟಂತೆ ಕೇಳುತ್ತಿತ್ತು. ಅವರಿಗೆ ಎಂಬತ್ತರ ಹತ್ತಿರ ಹತ್ತಿರ.

ಕಬ್ಬಿಣ ಲೆಕ್ಕ ಕೇಳುತ್ತದೆ, ಕಾವ್ಯ ಕೇಳುವುದಿಲ್ಲ. ಹೋದ ವಾರ ಎಷ್ಟು ಎತ್ತಿದೆ, ಈ ವಾರ ಎಷ್ಟು ಎಂಬ ಚೀಟಿ ಜೇಬಿನಲ್ಲಿರುತ್ತಿತ್ತು. ಶನಿವಾರ ಗಮಕಕ್ಕೆ ಕರೆ ಬಂದರೆ, "ಮುಂದಿನ ವಾರ ಬರುತ್ತೇನೆ ಸ್ವಾಮಿ, ಇವತ್ತು ಮೈ ದಣಿದಿದೆ" ಎನ್ನುವುದು ರೂಢಿಯಾಯಿತು. ಅವರು, "ಆಗಲಿ ಮೇಷ್ಟ್ರೇ, ಸುಧನ್ವ ಎಲ್ಲಿಗೂ ಹೋಗೋದಿಲ್ಲ" ಎಂದು ನಗುತ್ತಿದ್ದರು. ಹೀಗೆ ಏಳೆಂಟು ವಾರ ಕಳೆಯಿತು. ಒಂದು ದಿನ ಆ ಚೀಟಿಯ ಲೆಕ್ಕವನ್ನು ಮೀರಿಸಬೇಕೆಂಬ ಹಟದಲ್ಲಿ ತಲೆಯ ಮೇಲೆ ಭಾರ ಎತ್ತಿದೆ. ಬಲದ ಭುಜ ಕಳಕ್ಕೆಂದಿತು. ತಪ್ಪು ಯಾರದೂ ಅಲ್ಲ, ನನ್ನದೇ. ಕೈ ಎತ್ತಿ ಅಂಗಿ ಹಾಕಿಕೊಳ್ಳುವುದೂ ಕಷ್ಟವಾಗಿ ಮನೆಯಲ್ಲಿ ಕುಳಿತೆ. ಈಗ ಬಿಡುವಾಯಿತು, ಗಮಕಕ್ಕೆ ಹೋಗೋಣವೆಂದುಕೊಂಡೆ. ಅದೇ ವಾರ ಗಮಕಿಗಳಿಗೆ ಲಕ್ವ ಹೊಡೆದು ಮಾತು ನಿಂತಿತು.

ಅವರು ಇದ್ದಾರೆ. ಹೋದರೆ ಗುರುತು ಹಿಡಿಯುತ್ತಾರೆ, ಎಡಗೈಯಿಂದ ಪುಸ್ತಕ ತೋರಿಸುತ್ತಾರೆ. ಈಗ ಓದುವವನೂ ನಾನೇ, ಅರ್ಥ ಹೇಳುವವನೂ ನಾನೇ. ನನ್ನ ಕಂಠ ಕಾಗೆಯದು; ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ರಾಗ ತಪ್ಪಿದ ಕಡೆ ಅವರ ಹುಬ್ಬು ಗಂಟಿಕ್ಕುತ್ತದೆ. ಆ ಏಳೆಂಟು ಶನಿವಾರಗಳನ್ನು ನಾನು ಯಾವ ಚೀಟಿಯಲ್ಲಿ ಬರೆದುಕೊಳ್ಳಲಿ?

ಅವರ ಮುಂದೆ ಸುಧನ್ವನ ಪ್ರಸಂಗವನ್ನು ಓದುವಾಗ ಅದು ನನಗೆ ಹೊಸದಾಗಿ ಕಂಡಿತು. ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಬೇಕೆಂದು ಹಂಸಧ್ವಜನ ಆಜ್ಞೆ. ಹೆಂಡತಿ ಪ್ರಭಾವತಿಯ ಬಯಕೆಯನ್ನು ಸಲ್ಲಿಸಿ ಬರುವುದರಲ್ಲಿ ಸುಧನ್ವನಿಗೆ ತಡವಾಯಿತು. ಶಂಖ ಲಿಖಿತರೆಂಬ ಪುರೋಹಿತರು ಆಜ್ಞೆಯನ್ನು ಸಡಿಲಿಸಗೊಡಲಿಲ್ಲ. ಎಣ್ಣೆಗೆ ಬಿದ್ದರೂ ಅವನ ಮೈ ಬೇಯಲಿಲ್ಲ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಹಾಕಿದ ತೆಂಗಿನಕಾಯಿ ಸಿಡಿದು ಎರಡು ಹೋಳಾಗಿ ಆ ಪುರೋಹಿತರಿಬ್ಬರ ಹಣೆಗೇ ಬಡಿಯಿತು. ತೆಂಗಿನ ನಾಡಿನ ಮಕ್ಕಳಾದ ನಾವು ಚಿಕ್ಕಂದಿನಲ್ಲಿ ಈ ಭಾಗಕ್ಕೆ ಕೇಕೆ ಹಾಕಿ ನಗುತ್ತಿದ್ದೆವು. ಈಗ ನನಗೆ ಕಾಣುವುದು ಬೇರೆ. ಹೊತ್ತಿನ ಲೆಕ್ಕವೊಂದನ್ನೇ ಧರ್ಮವೆಂದು ಹಿಡಿದವರ ಹಣೆ ಒಡೆಯಿತು. ಮನೆಯ ಋಣವನ್ನು ತೀರಿಸಿ ತಡವಾಗಿ ಬಂದವನು ಬದುಕಿ ಎದ್ದು ಅರ್ಜುನನಿಗೇ ಎದುರು ನಿಂತ. ಅವನ ಶೌರ್ಯಕ್ಕೆ ಆ ತಡದಿಂದ ಕುಂದು ಬರಲಿಲ್ಲ. ಜೇಬಿನಲ್ಲಿ ಚೀಟಿ ಇಟ್ಟುಕೊಂಡಿದ್ದ ನಾನು ಶಂಖ ಲಿಖಿತರ ಪಕ್ಷದವನಾಗಿದ್ದೆ.

ನಮ್ಮೂರಿನ ಇನ್ನೊಂದು ಹೆಮ್ಮೆಯೂ ಇದನ್ನೇ ಹೇಳುತ್ತದೆ. ಶ್ರೀಯವರು ೧೯೨೯ರಲ್ಲಿ ಪ್ರಕಟಿಸಿದ 'ಅಶ್ವತ್ಥಾಮನ್' ನಾಟಕಕ್ಕೆ ಸೊಫೊಕ್ಲೀಸನ 'ಏಜಾಕ್ಸ್' ಮಾದರಿ. ಬಲದಲ್ಲಿ ಮಿಗಿಲಾದ ಗ್ರೀಕ್ ವೀರ ಏಜಾಕ್ಸ್ ಭ್ರಮೆ ಹಿಡಿದು, ಶತ್ರುಗಳೆಂದು ದನಕುರಿಗಳನ್ನು ಕಡಿದು, ಎಚ್ಚರವಾದಾಗ ನಾಚಿಕೆಯನ್ನು ತಡೆಯಲಾರದೆ ಹೋಗುತ್ತಾನೆ. ಬಲ ತಾನಾಗಿ ಕೆಟ್ಟದ್ದಲ್ಲ. ಅದಕ್ಕೊಂದು ಗುರಿ ಇಲ್ಲದಾಗ ಅದು ಎದುರು ಸಿಕ್ಕದ್ದನ್ನು ಕಡಿಯುತ್ತದೆ. ಏನೂ ಸಿಕ್ಕದಿದ್ದರೆ ತನ್ನನ್ನೇ.

ಹಾಗಾದರೆ ಅರುವತ್ತರ ಮೇಲೆ ಗರಡಿ ಬಿಟ್ಟು ಜಪಮಣಿ ಹಿಡಿಯಬೇಕೇ? ಖಂಡಿತ ಕೂಡದು. ಆ ಉಪದೇಶವನ್ನು ಕೊಡುವವರು ಊರಿಗೆ ಹತ್ತು ಜನ ಇದ್ದಾರೆ. ವಯಸ್ಸಾದಂತೆ ಮಾಂಸಖಂಡ ತಾನಾಗಿ ಕರಗುತ್ತದೆ. ಅದನ್ನು ತಡೆದು ನಿಲ್ಲಿಸುವುದಕ್ಕೆ ಭಾರದ ಸಾಧನೆಗಿಂತ ಒಳ್ಳೆಯ ಉಪಾಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದ ಅಳತೆ ಹೀಗಿದೆ: ವಾರಕ್ಕೆ ೧೫೦ರಿಂದ ೩೦೦ ನಿಮಿಷ ಹದವಾದ ದೇಹಶ್ರಮ, ಕಡಮೆಯೆಂದರೆ ಎರಡು ದಿನ ಬಲವರ್ಧನೆ; ೬೫ ದಾಟಿದವರಿಗೆ ಇವುಗಳ ಜೊತೆಗೆ ವಾರಕ್ಕೆ ಮೂರು ದಿನ ಮೈಯ ಸಮತೋಲವನ್ನು ಕಾಯುವ ಅಭ್ಯಾಸ. ಮುದುಕರು ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ತಪ್ಪಿಸುವುದಕ್ಕೆ ಈ ಕೊನೆಯದು. ಚೀನೀಯರ ತಾಯ್ ಚಿ ಎಂಬ ನಿಧಾನದ ವರಸೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಒಂದು ಎಚ್ಚರ ಬೇಕು. ಮಾಂಸಖಂಡ ಬೇಗ ಬಲಿಯುತ್ತದೆ. ಅದನ್ನು ಎಲುಬಿಗೆ ಕಟ್ಟಿಹಾಕುವ ಸ್ನಾಯುರಜ್ಜು ನಿಧಾನವಾಗಿ ಬಲಿಯುತ್ತದೆ. ತೋಳು ಒಪ್ಪಿದ್ದನ್ನು ಭುಜದ ಕೀಲು ಒಪ್ಪದಿರುವುದು ಹೀಗೆ. ನನ್ನ ಹಟ ಮುರಿದದ್ದು ಅಲ್ಲಿಯೇ.

ಗಾಯ ಮಾಗಿದ ಮೇಲೆ ಗರಡಿಯ ಉಸ್ತಾದರ ಹತ್ತಿರ ಹೋದೆ. ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಗದೆ ತಿರುಗಿಸಲು ಹೋದವನನ್ನು ತಡೆದು, "ಮೊದಲು ಬರಿಗೈ ತಿರುಗಿಸಿ ಮೇಷ್ಟ್ರೇ. ಕೈ ಇದ್ದರೆ ಗದೆ ನಾಳೆಯೂ ಸಿಗುತ್ತೆ" ಎಂದರು. ಅವರು ಕಾವ್ಯ ಓದಿದವರಲ್ಲ. ಆದರೂ ನಾನು ಓದಿದ ಯಾವ ಪುಸ್ತಕದಲ್ಲಿಯೂ ಇಲ್ಲದಷ್ಟು ವಿಚಾರ ಆ ಮಾತಿನಲ್ಲಿತ್ತು.

ಈಗ ನನ್ನ ವಾರದ ಕ್ರಮ ಇಷ್ಟು: ಎರಡು ದಿನ ಭಾರ, ಅದೂ ನಾಳೆಗೆ ಕೈ ಉಳಿಯುವಷ್ಟು, ಮೂರು ದಿನ ಬೆಳಗ್ಗೆ ಗರಡಿ, ಕುಸ್ತಿಯ ಅಖಾಡಕ್ಕೆ ಇಳಿಯದೆ, ಒಂದು ದಿನ ಮೊಮ್ಮಗನ ಜೊತೆ ಕುಂಗ್ ಫೂ. ಶನಿವಾರ ಗಮಕ. ಶನಿವಾರಕ್ಕೆ ಬೇರೆ ಯಾವುದೂ ಅಡ್ಡ ಬರಕೂಡದು. ಎಲ್ಲಕ್ಕೂ ಸಮಪಾಲು ಹಂಚುವುದೇ ಸಮತೋಲ ಎಂದು ನಾನು ಮೊದಲು ತಿಳಿದಿದ್ದೆ. ತಕ್ಕಡಿಯಲ್ಲಿ ಹಾಗೆ ಸರಿ. ಬದುಕಿನಲ್ಲಿ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ತಿಳಿಯುವುದೇ ಸಮತೋಲ. ಕಬ್ಬಿಣ ಕಾಯುತ್ತದೆ. ಎಂಬತ್ತರ ಕಂಠ ಕಾಯುವುದಿಲ್ಲ.

ಕುಂಗ್ ಫೂ ಎಂಬ ಮಾತಿನ ಅರ್ಥವೂ ನನಗೆ ಈಚೆಗೆ ತಿಳಿಯಿತು. ಚೀನೀ ಭಾಷೆಯಲ್ಲಿ ಅದು ಹೊಡೆದಾಟಕ್ಕಷ್ಟೇ ಸಲ್ಲುವ ಹೆಸರಲ್ಲವಂತೆ. ಕಾಲವನ್ನೂ ದುಡಿಮೆಯನ್ನೂ ಸುರಿದು ಕೈವಶ ಮಾಡಿಕೊಂಡ ಯಾವ ಕೌಶಲವಾದರೂ ಕುಂಗ್ ಫೂವೇ. ಅಡುಗೆಯವನ ಕೈಹದಕ್ಕೂ ಆ ಮಾತು ಸಲ್ಲುತ್ತದೆ. ಹಾಗಿದ್ದರೆ ಷಟ್ಪದಿ ಓದುವುದೂ ಅದೇ, ಉಸ್ತಾದರು ಗದೆ ತಿರುಗಿಸುವುದೂ ಅದೇ. ಕನ್ನಡದಲ್ಲಿ ನಮಗೆ 'ಸಾಧನೆ' ಎಂಬ ಮಾತಿದೆ. ಗರಡಿಯವರೂ ಸಂಗೀತಗಾರರೂ ಅದನ್ನು ಒಂದೇ ಅರ್ಥದಲ್ಲಿ ಬಳಸುತ್ತಾರೆ. ಸಾಹಿತ್ಯದವರು ಮಾತ್ರ ಅದನ್ನು ಬಹುಮಾನದ ಪಟ್ಟಿಗೆ ಮೀಸಲಿಟ್ಟಿದ್ದೇವೆ.

ಆ ತರುಣ ಅಧ್ಯಾಪಕರಿಗೆ ನಾನು ಹೇಳಬೇಕಾದದ್ದು ಇಷ್ಟು. ಅಯ್ಯರ್ ಅವರನ್ನು ತೂಗುವಾಗ ವ್ಯಾಯಾಮವನ್ನು ಒಂದು ತಟ್ಟೆಗೂ ಸಾಹಿತ್ಯವನ್ನು ಇನ್ನೊಂದಕ್ಕೂ ಹಾಕಬೇಡಿ. ಅವರ ಕಾದಂಬರಿಯ ದೋಷಗಳನ್ನು ಕಾದಂಬರಿಯ ದೋಷಗಳೆಂದೇ ಎತ್ತಿ ಆಡಿ, ನಾನೂ ಆಡಿದ್ದೇನೆ. ಬರೆದವರು ಬೆಳಗಿನ ಹೊತ್ತು ಏನು ಮಾಡುತ್ತಿದ್ದರೆಂಬ ಕಾರಣಕ್ಕೆ ಅದನ್ನು ಹಗುರ ಮಾಡಬೇಡಿ. ಬೆಳಗಿನ ಹೊತ್ತು ಅವರು ಮನುಷ್ಯರ ಮೈಯನ್ನು ಓದುತ್ತಿದ್ದರು. ಆ ಓದು ಇಲ್ಲದಿದ್ದರೆ 'ರೂಪದರ್ಶಿ' ಒಂದು ಚಮತ್ಕಾರದ ಕಥೆಯಾಗಿ ಉಳಿಯುತ್ತಿತ್ತು.

ನಮ್ಮ ಸೀಮೆಯ ಉಂಡೆಕೊಬ್ಬರಿಯ ಕ್ರಮ ಬಲ್ಲವರಿಗೆ ಇದು ಹೊಸದಾಗಿ ತೋರದು. ಬಲಿತ ಕಾಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪಿನಿಂದ ಬಿಡಬೇಕು. ಆತುರಪಟ್ಟು ಮುಂಚೆಯೇ ಒಡೆದರೆ ಉಂಡೆ ಸಿಗುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಟಗಟ ಎಂದರೆ ಹದ ಬಂತೆಂದು ಲೆಕ್ಕ. ಗಮಕಿಗಳ ಮನೆಯ ಅಟ್ಟದ ಮೇಲೂ ಈ ವರ್ಷದ ಕಾಯಿ ಇದೆ. ಅದನ್ನು ಇಳಿಸುವುದಕ್ಕೆ ಈ ಸಲ ಅವರ ಮಗ ನನ್ನನ್ನು ಕರೆದಿದ್ದಾನೆ. ಭುಜ ಈಗ ಅಷ್ಟು ಕೆಲಸಕ್ಕೆ ಬರುತ್ತದೆ. ಶನಿವಾರ ಮಾತ್ರ ಬೇಡ ಎಂದು ಹೇಳಿ ಕಳುಹಿಸಿದ್ದೇನೆ.